ಹಗ್ಗ ಹಿಡಿದವರ ಪಾಲು

2012 ಮೇ 14
ಇವತ್ತೂ ಗಂಜಿಗೆ ಉಪ್ಪು ಹಾಕಲಿಲ್ಲ. ಬಾವಿಯೇ ಹಾಕಿ ಕೊಟ್ಟಿದೆ. ಬೇಸಿಗೆ ಬಂತೆಂದರೆ ಇದೇ ಹಾಡು. ಟ್ಯಾಂಕರ್ ಬರುವವರೆಗೆ ಮೀನು ಬುಟ್ಟಿ ತೊಳೆಯುವ ಹಾಗಿಲ್ಲ. ಮೀನು ಮಾರಲು ಹೋಗುವ ಕೋಟೇಶ್ವರದ ಬಸ್ ತಪ್ಪಿತು.
ಪಂಚಾಯತ್ ಮೆಂಬರ್ ರತ್ನಾಕರ ಸಿಕ್ಕಿದ. "ಸಮುದ್ರವೇ ಏರ್ತಾ ಇತ್ತಂಬ್ರ್ ಸುಗುಣಕ್ಕ, ನಮ್ಮ ಕೈಯಗೆ ಎಂತ ಇತ್ತ್?" ಎಂದ.
ಏರಲಿ. ಅದಕ್ಕೆ ತಡೆಯಾಗಿ ಹೊಳೆ ಬದಿಯಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಕಾಡಿತ್ತು. ಅದನ್ನು ಕಡಿದು ಸಿಗಡಿ ಕೆರೆ ತೋಡಿದ್ದು ಕಂಪನಿ. ಕೇರಿಯ ನೀರು ಹೊಳೆಗೆ ಹರಿಯುವ ನಮ್ಮ ತೋಡಿಗೆ ಅಡ್ಡ ಮಣ್ಣಿನ ಕಟ್ಟ ಹಾಕಿದ್ದೂ ಕಂಪನಿ. ಲೈಸೆನ್ಸ್ ಕೊಟ್ಟದ್ದು ಸರ್ಕಾರ. ಭರತಕ್ಕೆ, ಸಮುದ್ರ ಉಬ್ಬುವ ಹೊತ್ತಿಗೆ, ಒಳನುಗ್ಗಿದ ಉಪ್ಪುನೀರು ಹೊರಗೆ ಹೋಗಲಾರದೆ ನಮ್ಮ ಬಾವಿಗೆ ಇಳಿಯುತ್ತದೆ. ಕೇಳಿದರೆ ಎಲ್ಲರೂ ಸಮುದ್ರದ ಕಡೆ ಬೆರಳು ತೋರಿಸುತ್ತಾರೆ. ಪಾಪ, ಅದಕ್ಕೆ ಬಾಯಿಲ್ಲವಲ್ಲ!

2012 ಆಗಸ್ಟ್ 17, ಅಮಾವಾಸ್ಯೆ
ಕಾಯುತ್ತಾ ಕೂತರೆ ಆಗುವುದಿಲ್ಲ. ನಮ್ಮ ಮೀನು ಮಾರುವವರ ಸಂಘದ ಹೆಂಗಸರೆಲ್ಲ ಸೇರಿ ಕಾಂಡ್ಲ ನೆಟ್ಟೆವು. ಅಮಾವಾಸ್ಯೆ ಅಲ್ಲವಾ, ಮೀನು ಕೊಳ್ಳುವವರು ಕಡಿಮೆ, ಎಲ್ಲರಿಗೂ ರಜೆ. ಸಂಜೆ ಹೊಳೆ ಎಷ್ಟು ಇಳಿದಿತ್ತು! ಕೆಸರು ಕಣ್ಣು ಹಾಯುವಷ್ಟು ದೂರ. ನುಗ್ಗೆಕಾಯಿಯಂಥ ಕಾಂಡ್ಲದ ಕಾಯಿಗಳನ್ನು ಸಾಲಾಗಿ ಊರುತ್ತಾ ಹೋದೆವು. ಪಕ್ಕದ ಮನೆಯ ವನಜ ಮೊಣಕಾಲವರೆಗೆ ಹೂತು ನಿಂತು ನಗುತ್ತಿದ್ದಳು.
ಸೊಂಟ ಬಿದ್ದು ಹೋಗಿದೆ. ಆದರೂ ಖುಷಿ.

2012 ಸೆಪ್ಟೆಂಬರ್ 5
ಒಂದೂ ಉಳಿದಿಲ್ಲ.
ಚಂದಯ್ಯಣ್ಣ ದಡದಲ್ಲಿ ನಿಂತು ನೋಡಿದರು. ದಡದಲ್ಲಿ ನಿಂತೇ ದೊಡ್ಡ ಬಲೆ ಎಳೆಯುವ ಕೈರಂಪಣಿಯ ಹಿರಿಯರು, ಬಲೆ ಎಳೆದ ಮೇಲೆ ಮೀನಿನ ಪಾಲು ಹಾಕುವವರು. "ಹ್ವಾಯ್ ಸುಗುಣ, ಅಮಾಸಿ ಇಳಿತ ಕಂಡ್ ನೆಟ್ರ್ಯಾ? ಅದ್ ಗಿಡ ನೆಡು ಜಾಗ ಅಲ್ಲ ಮಾರಾಯ್ತಿ, ಮೀನ್ ಆಡು ಜಾಗ!"
ನಾಚಿಕೆಯಾಯಿತು. ಅಮಾವಾಸ್ಯೆಗೆ ನೀರು ಎಲ್ಲಕ್ಕಿಂತ ಕೆಳಗೆ ಹೋಗುತ್ತದೆಂದು ನಮ್ಮ ಕೇರಿಯ ಮಗುವಿಗೂ ಗೊತ್ತು. ಉಳಿದ ದಿನ ಆ ಜಾಗದಲ್ಲಿ ಆಳು ಮುಳುಗುವ ನೀರು. ರಜೆ ನೋಡಿದೆವು, ನೀರು ನೋಡಲಿಲ್ಲ. ಕೇರಿಯೆಲ್ಲ ನಗುತ್ತಿದೆ. ನನಗೂ ನಗು... ಮನೆಗೆ ಬಂದು ಸ್ವಲ್ಪ ಅತ್ತೆ.

2013 ಜೂನ್ 5, ಮಧ್ಯಾಹ್ನ
ಊಟ ಆಮೇಲೆ. ಬರೆದೇ ಬಿಡುತ್ತೇನೆ.
ಶಾಲೆಯಲ್ಲಿ ಪರಿಸರ ದಿನ. ಕಂಪನಿಯದ್ದೇ ಖರ್ಚು. ಹೊರಗೆ ಜನರೇಟರ್ ಕಪ್ಪು ಹೊಗೆ ಬಿಡುತ್ತಿತ್ತು, ಒಳಗೆ ಮ್ಯಾನೇಜರ್ ಹೊಗೆಯ ಬಗ್ಗೆಯೇ ಭಾಷಣ. "ಭೂಮಿ ಬಿಸಿಯಾಗುತ್ತಿದೆ. ಬದಲಾವಣೆ ನಿಮ್ಮ ಅಡುಗೆಮನೆಯಿಂದ ಶುರುವಾಗಲಿ. ಸೌದೆ ಉರಿಸಬೇಡಿ." ಎಲ್ಲರಿಗೂ ಒಂದೊಂದು ಬಟ್ಟೆ ಚೀಲ. ತಹಶೀಲ್ದಾರರು ತಲೆಯಾಡಿಸುತ್ತಿದ್ದರು.
ವಂದನಾರ್ಪಣೆ ನನ್ನದು — ಸಂಘದ ಕಾರ್ಯದರ್ಶಿ ಎಂದು. ಬರೆದು ಕೊಟ್ಟ ಚೀಟಿ ಮಡಚಿಟ್ಟೆ. ಬಾಯಿ ತನ್ನಷ್ಟಕ್ಕೆ ಹೊರಟಿತು.
"ನಮ್ಮ ಕೈರಂಪಣಿಯಗೆ ಒಂದ್ ಕ್ರಮ ಇತ್ತ್ ಸರ್. ಹಗ್ಗ ಹಿಡ್ದವ್ರಿಗೆಲ್ಲ ಪಾಲ್ ಇತ್ತ್. ಬಲೆ ಯಾರದ್ದೋ ಅವ್ರಿಗೆ ಹೆಚ್ಚ್ ಪಾಲ್. ಹಾಂಗಾರೆ ಬಲೆ ಹರ್ದ್ರೆ ಸರಿ ಮಾಡುಕೂ ಅವ್ರೇ ಮುಂದ್ ಬರ್ಕ್. ಚೀಲ ಹಿಡುಕೆ ನಾವ್ ತಯಾರ್. ಗಿಡ ನೆಡುಕೂ ತಯಾರ್. ಅದ್ ನಮ್ಮ ಪಾಲ್. ಕಾಡ್ ಕಡ್ದದ್, ಕಟ್ಟ ಹಾಕಿದ್, ಅದಕ್ಕೆ ಸೈ ಹಾಕಿದ್ — ಅದ್ ಯಾರ ಪಾಲ್?"
ಹಿಂದಿನಿಂದ ಚಂದಯ್ಯಣ್ಣ ಒಬ್ಬರೇ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.
ತಹಶೀಲ್ದಾರರು ಹೋಗುವಾಗ, "ಸ್ಥಳ ನೋಡುತ್ತೇನಮ್ಮ" ಎಂದರು. ಎಷ್ಟು ಜನ ಹೀಗೆ ಹೇಳಿ ಹೋಗಿಲ್ಲ!

2013 ಸೆಪ್ಟೆಂಬರ್ 13, ಅಷ್ಟಮಿ
ಮತ್ತೆ ನೆಟ್ಟೆವು. ಈ ಸಲ ಚಂದಯ್ಯಣ್ಣ ಜಾಗ ತೋರಿಸಿದರು. ಅಷ್ಟಮಿಯ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ; ಅದರ ಅಂಚಿನಲ್ಲಿ ನೆಟ್ಟ ಗಿಡ ದಿನವಿಡೀ ಮುಳುಗಿರುವುದಿಲ್ಲ. ಬಲೆ ಎಳೆಯುವ ಗಂಡಸರೂ ಬಂದರು. ಮಾತು ಕಡಿಮೆ, ಕೆಲಸ ಜಾಸ್ತಿ.
ಕಟ್ಟ ಹಾಗೇ ಇದೆ. ಅದು ಇದ್ದರೆ ಗಿಡ ಬದುಕಿದರೂ ಬಾವಿ ಬದುಕುವುದಿಲ್ಲ.

2013 ನವೆಂಬರ್ 28
ನಂಬಲು ಆಗುತ್ತಿಲ್ಲ. ತಹಶೀಲ್ದಾರರು ನಿಜವಾಗಿ ಬಂದರು! ಪ್ಯಾಂಟ್ ಮಡಚಿ ಕಟ್ಟದ ಮೇಲೆ ನಡೆದರು. ತೋಡು ಸರ್ಕಾರದ್ದಂತೆ, ಲೈಸೆನ್ಸ್ ಕೆರೆಗೆ ಮಾತ್ರವಂತೆ, ತೋಡಿಗೆ ಅಡ್ಡ ಹಾಕಲು ಯಾರೂ ಪರ್ಮಿಶನ್ ಕೊಟ್ಟಿಲ್ಲವಂತೆ. ಕಟ್ಟ ತೆಗೆಯಲು ಕಂಪನಿಗೆ ನೋಟಿಸ್.

2014 ಜನವರಿ 21
ನಗದೆ ಬರೆಯುವುದು ಹೇಗೆ?
ಕಟ್ಟ ಒಡೆಯಲು ಕಂಪನಿಯ ಜೆಸಿಬಿ ಬಂತು. ಸ್ವಲ್ಪ ಒಡೆಯಿತು, ಅಷ್ಟರಲ್ಲಿ ಕೆಸರಿನಲ್ಲಿ ಹೂತು ಕೂತಿತು. ಹೊಳೆ ಏರುವ ಹೊತ್ತು. ಡ್ರೈವರ್ ಅಳುವುದೊಂದು ಬಾಕಿ. ಮ್ಯಾನೇಜರ್ ಫೋನಿನಲ್ಲಿ ಕಿರುಚುತ್ತಿದ್ದರು.
ಚಂದಯ್ಯಣ್ಣ ರಂಪಣಿ ಹಗ್ಗ ತರಿಸಿದರು. ಒಂದು ತುದಿ ಜೆಸಿಬಿಗೆ. ಇಡೀ ಕೇರಿ ಹಗ್ಗಕ್ಕೆ. ಅಲುಗಲಿಲ್ಲ.
ವನಜ ತಿರುಗಿ ನೋಡಿ ಕೂಗಿದಳು, "ಸರ್, ಕಾಣ್ತಾ ನಿಂತ್ರೆ ಆತಿಲ್ಲೆ. ಹಗ್ಗ ಹಿಡಿನಿ!"
ಮ್ಯಾನೇಜರ್ ಬೂಟು ಬಿಚ್ಚಿದರು. ರತ್ನಾಕರನೂ ಬಂದ. ಕಟ್ಟ ತೆಗೆಸಲು ಬಂದಿದ್ದ ತಾಲೂಕು ಆಫೀಸಿನ ಗುಮಾಸ್ತರೂ. ಐಸಾ ಎಂದು ಎಳೆದೆವು — ಬಂತು!
ಕೆಸರು ಮೆತ್ತಿಕೊಂಡು ನಿಂತ ಮ್ಯಾನೇಜರ್‌ಗೆ ಚಂದಯ್ಯಣ್ಣ ಬೆಳಗಿನ ಬಲೆಗೆ ಬಿದ್ದ ಬಂಗುಡೆ ಮೀನು ಒಂದು ಹಿಡಿ ಕೊಟ್ಟರು. "ತಕಣಿ. ಹಗ್ಗ ಹಿಡ್ದ್ರಿ ಅಲ್ದಾ, ಪಾಲಿತ್ತ್." ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಕಟ್ಟ ಪೂರ್ತಿ ತೆಗೆಸಿಯೇ ಹೋದರು.
ತೋಡಿನಲ್ಲಿ ನೀರು ಓಡುವ ಶಬ್ದ ಇಲ್ಲಿಗೂ ಕೇಳುತ್ತಿದೆ.

2014 ಮೇ 20
ಬಾವಿ ಇನ್ನೂ ಉಪ್ಪೇ. ಹೋದ ವರ್ಷದಷ್ಟಿಲ್ಲ. ಅಥವಾ ನನಗೇ ಹಾಗೆ ಅನ್ನಿಸುತ್ತದಾ? ಗಿಡ ಮೊಣಕಾಲೆತ್ತರ ಬಂದಿದೆ.

2015 ಮೇ 11, ಬೆಳಿಗ್ಗೆ
ಸಮುದ್ರ ಏರುವುದು ನಿಂತಿಲ್ಲ, ಪೇಪರಿನಲ್ಲಿ ದಿನಾ ಇರುತ್ತದೆ. ಊರಿಡೀ ಸರಿಯಾಯಿತೆಂದು ಬರೆದರೆ ಸುಳ್ಳು. ಕಂಪನಿ ಕೆರೆಯ ಒಂದು ಬದಿ ಬಿಟ್ಟುಕೊಟ್ಟಿದೆ, ಅಲ್ಲೂ ಕಾಂಡ್ಲ ನೆಡುವುದು ಮಳೆಗಾಲದಲ್ಲಿ. ಕಾಯಿ ಫಾರೆಸ್ಟಿನವರು ತರುತ್ತಾರಂತೆ. ತರದಿದ್ದರೆ ಬಾಯಿ ಇದೆಯಲ್ಲ ನನಗೆ.
ಈಗ ಬಾವಿಯಿಂದ ಒಂದು ಕೊಡ ಸೇದಿ ಗಂಜಿಗೆ ಇಟ್ಟೆ. ರುಚಿ ನೋಡಿದೆ. ಮತ್ತೊಮ್ಮೆ ನೋಡಿದೆ. ವನಜನನ್ನು ಕರೆದು ಬಾಯಿಗೆ ಹಾಕಿಸಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೆಣೆ, ಸಪ್ಪೆ ಇತ್ತ್, ಉಪ್ಪ್ ಹಾಕ್ಕ್!" ಎಂದಳು.
ಉಪ್ಪಿನ ಡಬ್ಬಿ ಎಲ್ಲಿ ಹೋಯಿತೋ, ಮೇ ತಿಂಗಳಲ್ಲಿ ಅದನ್ನು ಹುಡುಕಿ ಎಷ್ಟು ವರ್ಷ... ಮೇಲಿನ ಅಟ್ಟದಲ್ಲಿ ಇರಬೇಕು, ನೋಡಿ ಬಂದು ಉಳಿದದ್ದು ಬರೆಯುತ್ತೇನೆ.