ಒಂದಲ್ಲ, ಮೂರು

ಶುಕ್ರವಾರ, ಮಧ್ಯಾಹ್ನ
ಅರಿವಳಿಕೆ ವಿಭಾಗದ ವಿಶ್ರಾಂತಿ ಕೋಣೆ

‘ಆಯ್ತಮ್ಮ’ ಎಂದು ಫೋನಿಡುವ ನನ್ನ ಮಗಳಿಗೆ,

ನನ್ನ ಎರಡನೆಯ ವಾಕ್ಯಕ್ಕೇ ನೀನು ಆಯ್ತಮ್ಮ ಅನ್ನುವುದರಿಂದ ಬರೆಯುತ್ತಿದ್ದೇನೆ. ಇದನ್ನು ನಿನ್ನ ಲಾಕರಿನಲ್ಲಿ ಥಿಯೇಟರ್ ಚಪ್ಪಲಿಯ ಮೇಲೆ ಇಡುತ್ತೇನೆ. ನೀನು ತಪ್ಪಿಸಿಕೊಳ್ಳಲಾರೆ.

ನಿನ್ನೆಯ ಹರ್ನಿಯಾ ಮಗುವಿನ ಚಾರ್ಟು ನೋಡಿದೆ. ಮೂರು ವರ್ಷ, ಹದಿಮೂರು ಕೆಜಿ, ಉಸಿರಿಗೆಂದು ಗಂಟಲೊಳಗೆ ಇಳಿಸುವ ಎರಡನೆಯ ನಂಬರಿನ ಮಾಸ್ಕ್. ಎಲ್ಲ ಸರಿ. ಅದನ್ನು ಗಂಟಲಲ್ಲಿ ಕೂರಿಸಲು ಎಷ್ಟು ಪ್ರಯತ್ನ ಬೇಕಾಯಿತು ಎಂಬಲ್ಲಿ ನಿನ್ನ ದುಂಡಗಿನ ಅಕ್ಷರದಲ್ಲಿ ‘ಒಂದು’. ಒಂದು ಹೇಗಾಯಿತು, ಹೇಳು. ನಾನು ಎರಡು ಸಲ ಇಳಿಸಿ ಎರಡು ಸಲ ಹೊರಗೆ ತೆಗೆದದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದಾರೆ.

ನಿನ್ನ ವಾದ ನನಗೆ ಬಾಯಿಪಾಠ. ಮಕ್ಕಳ ನಾಲಿಗೆ ದಪ್ಪ, ಬಾಯಿ ಸಣ್ಣದು. ಮಾಸ್ಕನ್ನು ಬೋರಲು ಹಿಡಿದು ಒಳಗೆ ಬಿಟ್ಟು, ನಾಲಿಗೆ ದಾಟಿದ ಮೇಲೆ ಅರ್ಧ ಸುತ್ತು ತಿರುಗಿಸಬೇಕು. ಊಟದ ಮೇಜಿನಲ್ಲೂ ಚಮಚ ತಿರುಗಿಸಿ ತೋರಿಸಿದ್ದೀಯ. ನಾನು ಮಾತ್ರ ತೋರುಬೆರಳನ್ನು ಮಾಸ್ಕಿಗೆ ಆನಿಸಿ, ಅಂಗುಳಕ್ಕೆ ಒತ್ತಿ ಜಾರಿಸುವವಳು. ಗಂಟಲಲ್ಲಿ ಬೆರಳೇ ಕಣ್ಣು ಎಂದು ನಿನ್ನನ್ನೂ ಸೇರಿಸಿ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಇಪ್ಪತ್ತೇಳು ವರ್ಷದಲ್ಲಿ ಅದು ಕೈಕೊಟ್ಟದ್ದು ಕಡಿಮೆ.

ನಿನ್ನೆ ಎರಡು ಸಲವೂ ಮಾಸ್ಕಿನ ತುದಿ ನಾಲಿಗೆಯ ಮೇಲೆ ಮಡಚಿಕೊಂಡಿತು. ನಡುವೆ ಆಮ್ಲಜನಕ ಕೊಟ್ಟೆ. ಎರಡನೆಯ ಸಲ ಹೊರಗೆ ತೆಗೆಯುವಷ್ಟರಲ್ಲಿ ಮಗುವಿನ ಆಮ್ಲಜನಕ ಇಳಿದು ಮಾನಿಟರಿನ ಬೀಪ್ ಸ್ವರ ತಗ್ಗತೊಡಗಿತ್ತು. ಆದರೂ ಮೂರನೆಯ ಸಲಕ್ಕೆ ಕೈ ಹಾಕಿದೆ. ಆಗ, ಒಂದು ವರ್ಷದಿಂದ ಥಿಯೇಟರಿನಲ್ಲಿ ಮೇಡಂ ಬಿಟ್ಟು ಬೇರೆ ಮಾತಾಡದ ನೀನು, ‘ಬಿಡಮ್ಮ, ಕೊಡಿಲ್ಲಿ’ ಎಂದು ಕಿತ್ತುಕೊಂಡೆ. ಸರ್ಜನ್, ‘ಅಮ್ಮ ಮಗಳು ಇಬ್ರೂ ಸೇರಿ ಮಗೂನ ಮಲಗಿಸಿದ್ರೆ ನಂಗೂ ಸ್ವಲ್ಪ ಕೆಲಸ ಸಿಗುತ್ತೆ’ ಅಂದರು. ಸಿಸ್ಟರ್ ಆಗಲೇ ಎಣಿಸಿದ್ದ ಬಟ್ಟೆಗಳನ್ನು ಮತ್ತೆ ಎಣಿಸತೊಡಗಿದರು. ನೀನು ಮುಖದ ಮಾಸ್ಕಿನಿಂದ ನಾಲ್ಕು ಉಸಿರು ಕೊಟ್ಟೆ, ಗಂಟಲಿನದನ್ನು ನಿನ್ನ ವಿಧಾನದಲ್ಲೇ ಬೋರಲು ಇಳಿಸಿ ತಿರುಗಿಸಿದೆ, ಕೂತಿತು.

ಅದಕ್ಕೆ ನನಗೆ ಸಿಟ್ಟಿಲ್ಲ. ಇದೆ, ಆದರೆ ಅದು ಬೇರೆ ವಿಷಯ. ಸಿಟ್ಟಿರುವುದು ಆ ‘ಒಂದರ’ ಮೇಲೆ. ಮೂರು ಎಂದು ಬರೆದರೆ ತಿಂಗಳ ಸಭೆಯಲ್ಲಿ ಮುಖ್ಯಸ್ಥರು ಯಾಕೆ ಎಂದು ಕೇಳುತ್ತಾರೆ, ನನಗೆ ಮಕ್ಕಳ ಕೇಸು ತಪ್ಪಿಸುತ್ತಾರೆ ಎಂಬ ಭಯ ನಿನಗೆ. ಕೇಳಲಿ. ಮಗುವಿಗೆ ಗಂಟಲು ಊದಿ, ವಾರ್ಡಿನ ಡಾಕ್ಟರು ಚಾರ್ಟು ತೆರೆದರೆ ಅವರಿಗೆ ಕಾಣುವುದು ನಿನ್ನ ಒಂದು. ಕಲಿಯುವಾಗ ನೀನು ನಾಲ್ಕು ಪ್ರಯತ್ನವನ್ನು ಎರಡು ಎಂದು ಬರೆದದ್ದಕ್ಕೆ ಕಾರಿಡಾರಿನಲ್ಲೇ ನಿಲ್ಲಿಸಿ ತಿದ್ದಿಸಿದ್ದೆ. ಆವತ್ತು ಅತ್ತವಳು ಇವತ್ತು ಅಮ್ಮನಿಗೋಸ್ಕರ ಅದೇ ಕೆಲಸ ಮಾಡುತ್ತೀಯ.

ಹೊರಗೆ ಬಂದಮೇಲೆ ನೀನೇ ಒಂದು ಕಾರಣವನ್ನೂ ಹುಡುಕಿಕೊಟ್ಟೆ: ತೋರುಬೆರಳಿಗೆ ಪ್ಲಾಸ್ಟರ್ ಇತ್ತಲ್ಲ, ಗ್ಲೌಸ್ ಬಿಗಿಯಾಗಿರುತ್ತೆ ಅಂತ. ನಾನೂ ಹೂಂ ಅಂದೆ. ಬಿಸಿ ಪಾತ್ರೆ ಮುಟ್ಟಿ ಸುಟ್ಟುಕೊಂಡದ್ದಕ್ಕೆ ನಿಮ್ಮಪ್ಪ, ‘ಒಲೆ ಮುಂದೆ ನಿಂತ್ರೂ ಇವಳ ತಲೆ ಆಸ್ಪತ್ರೇಲೇ’ ಎಂದು ಎರಡು ದಿನದಿಂದ ಗೊಣಗುತ್ತಿದ್ದಾರೆ.

ಚಾರ್ಟಿನ ಆ ಪದದ ಮೇಲೆ ಒಂದು ಗೆರೆ ಎಳೆದು ‘ಮೂರು’ ಎಂದು ಬರೆ. ಮೊದಲ ಎರಡು ಯಾರದ್ದು ಎಂದೂ ಬರೆ. ನಿನ್ನ ಸಹಿಯ ಕೆಳಗೆ ನನ್ನದಕ್ಕೆ ಜಾಗ ಬಿಡು.

ನಿನ್ನ ಅಮ್ಮ,
ಥಿಯೇಟರಿನೊಳಗೆ ಮೇಡಂ

ತಾ.ಕ.: ತಪ್ಪು ಪ್ಲಾಸ್ಟರಿನದಲ್ಲ, ನನ್ನ ವಿಧಾನದ್ದೂ ಅಲ್ಲ. ಪಾತ್ರೆ ಬಿಸಿಯಿದೆ ಎಂದು ನನಗೆ ತಿಳಿದದ್ದು ಚರ್ಮ ಸುಟ್ಟ ವಾಸನೆಯಿಂದ. ಆ ಬೆರಳಿನ ತುದಿಗೆ ಐದು ತಿಂಗಳಿಂದ ಏನೂ ಗೊತ್ತಾಗುತ್ತಿಲ್ಲ. ಸೋಮವಾರದ ಪಟ್ಟಿಯಲ್ಲಿ ನಾಲ್ಕು ಮಕ್ಕಳಿದ್ದಾರೆ; ನನ್ನ ಹೆಸರು ಹೊಡೆಸಿ ನಿನ್ನದು ಹಾಕಿಸಿದ್ದೇನೆ. ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಮಂಗಳವಾರ ನರರೋಗದ ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಬಾ. ಅಲ್ಲಿ ಮೇಡಂ ಅನ್ನಬೇಡ.