ಉಪ್ಪಿನ ಅಳತೆ ನೋಡಲು

ಕಮೆಯಾ ಬುತ್ತಿ ಅಂಗಡಿ,
ರೈಲು ನಿಲ್ದಾಣದ ಎದುರು, ಕಿನೊಸೆ
ಮೇ 12, 2024, ಭಾನುವಾರ

ಪ್ರೀತಿಯ ತಮ್ಮಾ ಯಸುನೊರಿ,

ಹೇಗಿದ್ದೀಯ? ಎಡ ಮಂಡಿಯ ನೋವು ಕಡಿಮೆಯಾಯಿತೆ? ಡಾಕ್ಟರ ಮಾತು ಕೇಳದೆ ನೀನು ಇನ್ನೂ ಸೈಕಲ್ ಹೊಡೆಯುತ್ತೀಯೆಂದು ನಿನ್ನ ಹೆಂಡತಿ ಫುಮಿಯೊ ಹೊಸ ವರ್ಷದ ಕಾರ್ಡಿನಲ್ಲಿ ದೂರು ಬರೆದಿದ್ದಳು. ಎಂಬತ್ತು ತುಂಬಿದ ಪ್ರೊಫೆಸರಿಗೆ ಬುದ್ಧಿ ಹೇಳಲು ನಾನು ಯಾರು? ಆದರೆ ನನಗೆ ಎಂಬತ್ತನಾಲ್ಕು, ಆದ್ದರಿಂದ ಹೇಳುತ್ತೇನೆ, ಸೈಕಲ್ ಬಿಡು. ಅಪ್ಪನ ಕಂದು ಕೋಟನ್ನು ಈಗಲೂ ಹಾಕುತ್ತೀಯಂತೆ, ಒಳಗಿನ ಬಟ್ಟೆ ಕಿತ್ತುಬಂದಿದೆಯಂತೆ. ಅಪ್ಪ ತೀರಿಕೊಂಡ ವಾರ ಅದನ್ನು ನಿನ್ನ ಕೈಗಿಟ್ಟವಳು ನಾನೇ, ಹೊಲಿಯುವ ಹಕ್ಕೂ ನನ್ನದೇ, ಕಳಿಸಿಕೊಡು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಸೋದರಳಿಯ ಶಿಂಗೊ ಒಲೆ ನೋಡಿಕೊಳ್ಳುತ್ತಾನೆ, ನಾನು ಅವನನ್ನು ನೋಡಿಕೊಳ್ಳುತ್ತೇನೆ. "ಅಮ್ಮಾ, ನನಗೂ ಅರವತ್ತಾಯ್ತು, ಸೋಯಾ ಸಾಸ್ ಎಷ್ಟು ಹಾಕ್ಬೇಕು ಅಂತ ಗೊತ್ತು ಬಿಡು" ಎಂದು ದಿನಕ್ಕೆ ಮೂರು ಸಲ ರೇಗುತ್ತಾನೆ. ರೇಗಲಿ, ಕೈ ಮಾತ್ರ ನಮ್ಮ ಅಪ್ಪನದೇ.

ಈಗ ಸುದ್ದಿ. ಈ ಮೂವತ್ತೊಂದಕ್ಕೆ ನಮ್ಮ ವಿಶ್ವವಿದ್ಯಾಲಯಕ್ಕೆ ಎಪ್ಪತ್ತೈದು ತುಂಬುತ್ತದೆ. ನಮ್ಮ ಎಂದು ಬರೆದದ್ದಕ್ಕೆ ನಗಬೇಡ. ಅಲ್ಲಿನ ಇತಿಹಾಸ ಬರೆಸುವ ಕಚೇರಿಯಿಂದ ಒರಿಹಾರಾ ಎಂಬ ಹೆಂಗಸು ಫೆಬ್ರವರಿಯಲ್ಲಿ ಅಂಗಡಿಗೆ ಬಂದಿದ್ದಳು. ಚುರುಕಾದವಳು, ಮಾತಿಗಿಂತ ಹೆಚ್ಚು ತಲೆಬಾಗಿಸುತ್ತಾಳೆ. ಸಮಾರಂಭದ ಊಟಕ್ಕೆ ಏಳುನೂರು ಡಬ್ಬಿ ಬೇಕಂತೆ, ಅದೂ ಎಂಥದ್ದು ಅಂತೀಯ, 1948ರಲ್ಲಿ ಟೋಕಿಯೋದಿಂದ ತಪಾಸಣೆಗೆ ಬಂದ ದೊಡ್ಡ ಮನುಷ್ಯರಿಗೆ ಅಪ್ಪ ಕಟ್ಟಿಕೊಟ್ಟ ಅದೇ ಬುತ್ತಿ. ನಾನು ಎಂಟು ವರ್ಷದವಳು ಆಗ, ಡಬ್ಬಿಗೆ ದಾರ ಕಟ್ಟಿದ್ದು ನೆನಪಿದೆ. ಒಳಗೆ ಬಾರ್ಲಿ ಬೆರೆಸಿದ ಅನ್ನ, ಒಣಗಿಸಿದ ಹೆರಿಂಗ್ ಮೀನು, ಗೊಬೊ ಬೇರಿನ ಪಲ್ಯ, ಕಾಗದದಷ್ಟು ತೆಳ್ಳಗೆ ಒಂದು ತುಂಡು ಮೊಟ್ಟೆ. ಆ ಮೊಟ್ಟೆಗಾಗಿ ಅಪ್ಪ ಎಷ್ಟು ಮನೆ ಬಾಗಿಲು ತಟ್ಟಿದ್ದನೋ. ಆದರೆ ಮೀನು ಬೇಯಿಸುವ ಆಗಿನ ಅಳತೆ ನನಗೆ ಗೊತ್ತಿಲ್ಲ, ಅದು ಅಜ್ಜನ ಕಾಲದ ಅಳತೆ ಪುಸ್ತಕದಲ್ಲಿತ್ತು. ಆ ಪುಸ್ತಕ ಎಲ್ಲಿ ಎಂದು ಕೇಳಿದಾಗಲೆಲ್ಲ ಅಪ್ಪ ಏನನ್ನುತ್ತಿದ್ದ ಹೇಳು? "ಅದು ಯೂನಿವರ್ಸಿಟಿಗೆ ಸೇರ್ಕೊಂಡಿದೆ ಕಣೇ. ನಮ್ಮ ಮನೇಲಿ ಓದಿ ಮುಂದೆ ಬಂದಿದ್ದು ಅದೊಂದೇ." ಎಲ್ಲೋ ಕಳೆದುಹಾಕಿ ತಮಾಷೆ ಮಾಡುತ್ತಾನೆ ಎಂದುಕೊಂಡು ನಾವೂ ನಗುತ್ತಿದ್ದೆವು.

ಆ ತಪಾಸಣೆ ನಿನಗೆ ನೆನಪಿರಲಾರದು, ನಾಲ್ಕು ವರ್ಷದ ನೀನು ಅಮ್ಮನ ಬೆನ್ನಿಗೆ ಅಂಟಿಕೊಂಡಿದ್ದೆ. ಪ್ರತಿ ಪ್ರಾಂತ್ಯಕ್ಕೂ ಒಂದು ರಾಷ್ಟ್ರೀಯ ವಿಶ್ವವಿದ್ಯಾಲಯ ಬರುತ್ತದೆಂದು ಸುದ್ದಿಯಾದಾಗ ನಮ್ಮಲ್ಲಿ ಇದ್ದದ್ದು ಒಂದು ಹಳೆಯ ಹೈಯರ್ ಸ್ಕೂಲು, ಶಿಕ್ಷಕರ ತರಬೇತಿ ಶಾಲೆ, ಊರಾಚೆ ಒಂದು ಕೃಷಿ ಶಾಲೆ. ಮೂರನ್ನೂ ಕೂಡಿಸಿ ಒಂದು ಮಾಡಬೇಕು. ಆದರೆ ತರಬೇತಿ ಶಾಲೆಯ ಪುಸ್ತಕಗಳೆಲ್ಲ ಬಾಂಬಿಗೆ ಸುಟ್ಟುಹೋಗಿದ್ದವು. ಗ್ರಂಥಾಲಯ ಖಾಲಿಯಿದ್ದರೆ ಒಪ್ಪಿಗೆ ಸಿಗದು. ಆಗ ಕಪಾಟು ತುಂಬಿಸಲು ಊರಿಗೆ ಊರೇ ಮನೆಯ ಪುಸ್ತಕ ಹೊತ್ತು ನಡೆಯಿತು. ಡಾಕ್ಟರ ಮನೆಯ ಜರ್ಮನ್ ಪುಸ್ತಕ, ಗುಡಿಯ ಸೂತ್ರಗಳು, ಕ್ಷೌರದಂಗಡಿಯ ಕಾದಂಬರಿ, ಎಲ್ಲವೂ ಕೈಗಾಡಿ ಏರಿದವು. ಅಮ್ಮ ಅಜ್ಜನ ಚೀನೀ ಪುಸ್ತಕಗಳನ್ನು ಗಂಟು ಕಟ್ಟಿ ಕೊಟ್ಟಳು. ಬಂದವರು ಕಪಾಟು ನೋಡಿದರು, ಎಣಿಕೆ ಬರೆದುಕೊಂಡರು, ಅಪ್ಪನ ಬುತ್ತಿ ತಿಂದು ರೈಲು ಹತ್ತಿದರು. ಮಾರನೆಯ ವರ್ಷ ಮೇ ಮೂವತ್ತೊಂದಕ್ಕೆ ವಿಶ್ವವಿದ್ಯಾಲಯ ಹುಟ್ಟಿತು. ಆ ಮೊಟ್ಟೆಯ ತುಂಡಿಗೇ ಒಪ್ಪಿಗೆ ಸಿಕ್ಕಿತೆಂದು ಅಮ್ಮ ಸಾಯುವವರೆಗೂ ನಂಬಿದ್ದಳು.

ನೀನು ಈ ಊರಿನ ವಿಶ್ವವಿದ್ಯಾಲಯವನ್ನು ಆಡಿಕೊಂಡ ದಿನವೂ ನನಗೆ ನೆನಪಿದೆ. ಬರೆಯಬಾರದು ಎಂದುಕೊಂಡಿದ್ದೆ, ಕೈ ಕೇಳುತ್ತಿಲ್ಲ. ಅಪ್ಪನ ಅರವತ್ತರ ಸಮಾರಂಭ, ಕೆಂಪು ಟೊಪ್ಪಿಗೆ, ಕೆಂಪು ಅಂಗಿ ಹಾಕಿಸಿ ಕೂರಿಸಿದ್ದೆವು. ನೀನು ಹಳೆಯ ಸಾಮ್ರಾಟರ ಕಾಲದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದೆ. ಸಾಕೆ ಮದ್ಯ ತಲೆಗೇರಿತ್ತು. ಯಾರೋ ಇಲ್ಲಿನ ವಿಶ್ವವಿದ್ಯಾಲಯದ ಮಾತು ತೆಗೆದರು, ನೀನು ಗಟ್ಟಿಯಾಗಿ, "ಅಯ್ಯೋ ಬಿಡಿ ಮಾರಾಯ್ರೆ, ಅವೆಲ್ಲ ಸ್ಟೇಷನ್ ಬುತ್ತಿ ಯೂನಿವರ್ಸಿಟಿಗಳು! ಬುತ್ತಿ ಮಾರೋ ಸ್ಟೇಷನ್ ಇದ್ದಲ್ಲೆಲ್ಲ ಒಂದೊಂದು" ಅಂದೆ. ದೇಶವೇ ಆಡುತ್ತಿದ್ದ ಮಾತು ಅದು, ನಿನ್ನದೇನಲ್ಲ. ಆದರೆ ಆಡಿದ ಮನೆ ಬುತ್ತಿಯವರದು. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಆಮೇಲೆ "ಒಲೆ ನೋಡ್ಕೊಂಡು ಬರ್ತೀನಿ" ಎಂದು ಎದ್ದುಹೋದವನು ನೆಂಟರು ಹೊರಡುವವರೆಗೂ ಬರಲಿಲ್ಲ. ಅವತ್ತು ಒಲೆಯೇ ಹಚ್ಚಿರಲಿಲ್ಲ. ನೀನು ಅಡುಗೆಮನೆಗೆ ಹೋಗಿ ಇಣುಕಿದ್ದು ನನ್ನ ಕಣ್ಣಿಗೆ ಬಿತ್ತು. ಅಲ್ಲಿಂದ ಇಲ್ಲಿಯವರೆಗೆ ನೀನು ಈ ಮನೆಯಲ್ಲಿ ಒಂದು ರಾತ್ರಿ ಉಳಿದಿಲ್ಲ. ತಿಥಿಗೆ ಬಂದರೂ ಮೀಟಿಂಗ್ ಇದೆ ಎಂದು ಸಂಜೆಯ ರೈಲು ಹತ್ತುತ್ತೀ. ನಿವೃತ್ತನಾಗಿ ಹದಿನೇಳು ವರ್ಷವಾದವನಿಗೆ ಎಂಥ ಮೀಟಿಂಗೋ. ಕಳೆದ ಐದು ವರ್ಷದಿಂದ ಅದೂ ಇಲ್ಲ.

ವಿಶ್ವವಿದ್ಯಾಲಯ ಹೇಗಿದೆ ಎಂದು ಕೇಳುತ್ತೀಯಾದರೆ, ಕೋಚಿಂಗ್‌ನವರ ಪಟ್ಟಿಯಲ್ಲಿ ಮೇಲೂ ಇಲ್ಲ, ತೀರ ಕೆಳಗೂ ಇಲ್ಲ. ಕೋಟೆಯೊಳಗಿನ ಹಳೆ ಕಟ್ಟಡ ಬಿಟ್ಟು ಗುಡ್ಡ ಹತ್ತಿ ಕೂತಿದೆ. ಇಪ್ಪತ್ತು ವರ್ಷದ ಹಿಂದೆ ಸರ್ಕಾರ ಅದನ್ನು ನಿಗಮ ಮಾಡಿ, ಇನ್ನು ನಿನ್ನ ಹೊಟ್ಟೆ ನೀನೇ ನೋಡಿಕೋ ಅಂದಿದೆ, ಪಾಪ. ಆದರೆ ನನ್ನ ರಕ್ತದೊತ್ತಡ ನೋಡುವ ಡಾಕ್ಟರು ಅಲ್ಲಿಯವರು, ಮರಿಮಗಳ ಟೀಚರು ಅಲ್ಲಿಯವಳು, ಸೇಬಿಗೆ ರೋಗ ಬಂದ ವರ್ಷ ತೋಟ ತೋಟ ತಿರುಗಿದವರೂ ಅಲ್ಲಿಯವರೇ. ನಿನ್ನ ವಿಶ್ವವಿದ್ಯಾಲಯದವರು ಆಕಾಶದಾಚೆ ಏನಿದೆ ಎಂದು ಹುಡುಕುತ್ತಾರೆ, ಅದೂ ಬೇಕು. ನಮಗೆ ಇದಿಲ್ಲದೆ ನಡೆಯುವುದಿಲ್ಲ.

ಹೋದ ತಿಂಗಳು ಒರಿಹಾರಾ ಮತ್ತೆ ಬಂದಳು, ಕಣ್ಣು ಅರಳಿಸಿಕೊಂಡು. ಅಳತೆ ಪುಸ್ತಕ ಸಿಕ್ಕಿತು ಯಸು! ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಬೆನ್ನಿಗೆ ನಂಬರು, ಮೊದಲ ಪುಟದಲ್ಲಿ ಗ್ರಂಥಾಲಯದ ಕೆಂಪು ಮುದ್ರೆ. ಅಮ್ಮ ಗಂಟು ಕಟ್ಟುವಾಗ ಅದೂ ಸೇರಿಹೋಗಿತ್ತು. ತಪಾಸಣೆ ಮುಗಿದ ಮೇಲೆ ಉಳಿದವರ ಪುಸ್ತಕಗಳಲ್ಲಿ ಕೆಲವು ಅವರವರ ಮನೆಗೆ ಬಂದವು, ಕೆಲವನ್ನು ಜನ ದಾನ ಕೊಟ್ಟರು. ನಮ್ಮದನ್ನು ಆಗಿನ ಗುಮಾಸ್ತ ಅವಸರದಲ್ಲಿ ಮುದ್ರೆ ಒತ್ತಿ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಅವನ ದಿನಚರಿಯೂ ಸಿಕ್ಕಿದೆ. ಬುತ್ತಿ ಅಂಗಡಿಯ ಗಿಸಾಬುರೊ ಪುಸ್ತಕ ವಾಪಸು ಕೇಳಲು ಬಂದಿದ್ದರು, ಎಣಿಕೆ ಆಗಲೇ ಟೋಕಿಯೋಗೆ ಹೋಗಿದೆ ಎಂದು ಹೇಳಿದೆ, ಎಂದು ಬರೆದಿದ್ದಾನೆ. ಅದಕ್ಕೆ ಅಪ್ಪ, "ಹಾಗಾದ್ರೆ ಇಲ್ಲೇ ಇರ್ಲಿ ಸ್ವಾಮಿ. ನಾನು ತಗೊಂಡು ಹೋದ್ರೆ ಒಂದು ಕಮ್ಮಿ ಆಗುತ್ತೆ, ಊರೇ ಸುಳ್ಳು ಹೇಳಿದ ಹಾಗಾಗುತ್ತೆ. ಓದೋ ಕೋಣೆ ಎಷ್ಟೊತ್ತಿಗೆ ತೆಗೀತೀರಿ?" ಅಂದನಂತೆ. ತನ್ನ ಪುಸ್ತಕ ತಾನು ಓದಲು! ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಅಪ್ಪನ ಹೆಸರಿದೆ, 1949ರಿಂದ 1988ರವರೆಗೆ, ನಲವತ್ತು ಸಾಲು. ಓದುವ ಕಾರಣ ಎಂಬಲ್ಲಿ ಪ್ರತಿ ಸಲ ಒಂದೇ ಮಾತು, "ಉಪ್ಪಿನ ಅಳತೆ ನೋಡಲು." ನಿನ್ನ ಆ ಸ್ಟೇಷನ್ ಬುತ್ತಿ ಮಾತು ಕೇಳಿದ ವರ್ಷವೂ ಹೋಗಿದ್ದಾನೆ. ಅದನ್ನು ನೋಡಿದಾಗ ನಾನು ಅತ್ತೆ, ದುಃಖಕ್ಕಲ್ಲ. ಅವನು ನಿನ್ನನ್ನಾಗಲಿ, ವಿಶ್ವವಿದ್ಯಾಲಯವನ್ನಾಗಲಿ ಬಿಟ್ಟುಕೊಟ್ಟಿರಲಿಲ್ಲ, ಎರಡನ್ನೂ ಇಟ್ಟುಕೊಂಡು ಬಾಳಿದ.

ಪುಸ್ತಕ ನಿಮಗೆ ಹಿಂತಿರುಗಿಸುತ್ತೇವೆ ಎಂದರು ವಿಶ್ವವಿದ್ಯಾಲಯದವರು. ಬೇಡ ಎಂದೆ, ಅಪ್ಪ ಕೊಟ್ಟದ್ದನ್ನು ನಾನು ಕಿತ್ತುಕೊಳ್ಳಲೆ? ಶಿಂಗೊ ಅಳತೆಯನ್ನು ನಕಲು ಮಾಡಿಕೊಂಡು ನಾಲ್ಕು ಸಲ ಮೀನು ಬೇಯಿಸಿದ್ದಾನೆ. ನಾಲ್ಕನೆಯ ಸಲ ಬಾಯಿಗಿಟ್ಟ ಕೂಡಲೇ ನನಗೆ ಎಂಟು ವರ್ಷವಾಯಿತು. ಮೂವತ್ತೊಂದರಂದು ಮನೆಯವರಿಗೆಂದು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಟ್ಟಿದ್ದಾರೆ. ಒಂದು ನನ್ನದು, ಇನ್ನೊಂದು ನಿನ್ನದು. ಬರುತ್ತೀಯಾ? ಆ ಕುರ್ಚಿ ಖಾಲಿಯಿದ್ದರೆ ನಾನು ಯಾರಿಗೂ ಏನೂ ಹೇಳುವುದಿಲ್ಲ, ಆದರೆ ನನಗೆ ಅನ್ನ ಇಳಿಯುವುದಿಲ್ಲ.

ಫುಮಿಯೊಳನ್ನು ಕೇಳಿದೆ ಎಂದು ಹೇಳು. ನೂರು ಕಾಲ ಬಾಳಿ, ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು.

ನಿನ್ನ ಅಕ್ಕ,
ಇಕುಕೊ

ಮರೆತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚೀಟಿ ಅಪ್ಪನ ಸಾಲಿಗೆ ನಿಂತಿಲ್ಲ. ಕೆಳಗೆ ಇನ್ನೂ ಎರಡು ಚೀಟಿ ಅಂಟಿಸಿದ್ದಾರೆ. 1989ರ ಡಿಸೆಂಬರಿನಿಂದ ಹೋದ ಡಿಸೆಂಬರಿನವರೆಗೆ, ಕೊರೊನಾದ ಎರಡು ವರ್ಷ ಬಿಟ್ಟು, ಮೂವತ್ಮೂರು ಸಾಲು. ಆ ಕೈಬರಹ ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ, ಅಕ್ಷರ ಕಲಿಸಿದವಳು ನಾನೇ. ಗ್ರಂಥಾಲಯದ ಪಾಸು ಅಪ್ಪನ ಕೋಟಿನ ಜೇಬಿನಲ್ಲಿ ಸಿಕ್ಕಿತೆ? ಕಾರಣವೂ ಅದೇ ಬರೆದಿದ್ದೀಯ, ಉಪ್ಪಿನ ಅಳತೆ ನೋಡಲು, ಮೊಟ್ಟೆ ಬೇಯಿಸಲೂ ಬಾರದ ನೀನು. ನಾನು ಇದನ್ನು ಶಿಂಗೊಗೂ ಹೇಳಿಲ್ಲ, ಒರಿಹಾರಾಳೂ ಹೇಳುವುದಿಲ್ಲ. ಕೇಳುವುದು ಒಂದೇ. ಆ ಓದುವ ಕೋಣೆಯಿಂದ ನಮ್ಮ ಅಡುಗೆಮನೆಗೆ ಬಸ್ಸಿನಲ್ಲಿ ಹನ್ನೆರಡು ನಿಮಿಷ. ಆ ಮೂವತ್ಮೂರು ಮಧ್ಯಾಹ್ನ ಎಲ್ಲಿ ಊಟ ಮಾಡಿದೆ, ಯಸು?