ಎಡಗಡೆಯ ಹಾಡು

ಫೆಬ್ರುವರಿ 3, ಸೋಮವಾರ. ಊಟದ ವಿರಾಮ.

ಮತ್ತೆ ಅದೇ. ಬಲಗಡೆ ಹಾಡು, ಎಡಗಡೆ ಸುಡುಗಾಡು. ಪ್ಲೇಯರನ್ನು ಆಫ್ ಮಾಡಿ ಆನ್ ಮಾಡಿದೆ. ಇಯರ್‌ಫೋನ್ ಸಿಕ್ಕಿಸುವ ತೂತಿನೊಳಕ್ಕೆ ಊದಿದೆ. ಅಂಗಿಯ ಅಂಚಿನಿಂದ ಒರೆಸಿದೆ. ನನಗೆ ಗೊತ್ತಿರುವ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು.

ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಹೋದ ವರ್ಷ ಇವಳು ತಂದುಕೊಟ್ಟದ್ದು, ಮಗಳು ನಾನೂರ ಹನ್ನೆರಡು ಹಾಡು ತುಂಬಿಸಿದ್ದು. ಫೋನನ್ನು ಪಿಂಗಾಣಿ ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಹೋಗಬೇಕು. ಅದಕ್ಕೆ ಕ್ಯಾಮರಾ ಇದೆಯಲ್ಲ... ಕಪ್ಪು-ಸಾಸರಿನ ಗುಟ್ಟು ರಟ್ಟಾದೀತು. ಪ್ಲೇಯರಿಗೆ ಕಣ್ಣಿಲ್ಲ, ಹಾಗಾಗಿ ಒಳಗೆ ಬಿಡುತ್ತಾರೆ.

ಮಧ್ಯಾಹ್ನ ಇಪ್ಪತ್ತು ನಿಮಿಷ. ಬಸ್ಸಿನಲ್ಲಿ ಹೋಗುವಾಗ ನಲವತ್ತು, ಬರುವಾಗ ನಲವತ್ತು. ದಿನದಲ್ಲಿ ನನ್ನ ಕಿವಿ ನನ್ನದಾಗಿರುವುದು ಅಷ್ಟೇ ಹೊತ್ತು. ಉಳಿದದ್ದು ಕಂಪನಿಯದು. ಭಟ್ಟಿಯಿಂದ ಬಂದ ಕಪ್ಪನ್ನು ಎಡಗೈಯಲ್ಲಿ ಹಿಡಿ, ಕಿವಿಯ ಹತ್ತಿರ ತಾ, ಮರದ ಕೋಲಿನಿಂದ ತಟ್ಟು. ಟಣ್ ಎಂದರೆ ಪಾಸು. ಟೊಕ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು, ಕಣ್ಣಿಗೆ ಕಾಣದ್ದು — ಕೆಂಪು ಟಬ್ಬಿಗೆ. ದಿನಕ್ಕೆ ಎರಡು ಸಾವಿರ. ಬಿ.ಎ.ಯಲ್ಲಿ ಛಂದಸ್ಸು ಓದಿದ್ದು ದಂಡವಾಗಲಿಲ್ಲ.

ಫೆಬ್ರುವರಿ 6, ಗುರುವಾರ

ಹೊಸ ಇಯರ್‌ಫೋನ್ ತಂದೆ. ಕಿವಿಯ ಆಕಾರಕ್ಕೇ ಬಾಗಿಸಿದ್ದು. ಎಡದ್ದಕ್ಕೆ ಎಲ್, ಬಲದ್ದಕ್ಕೆ ಆರ್. ಬರೆದಂತೆಯೇ ಹಾಕಿಕೊಂಡೆ. ಬರೆದದ್ದನ್ನು ನಂಬುವವರ ಪೈಕಿ ನಾನು.

ಎಡಗಡೆ ಏನೂ ಇಲ್ಲ.

ಒಂದು ಯುಗಳಗೀತೆ ಇದೆ. ಗಂಡಿನ ದನಿ ಬಲಗಡೆ, ಹೆಣ್ಣಿನದು ಎಡಗಡೆ. ಗಂಡು ಪ್ರಶ್ನೆ ಕೇಳುತ್ತಾನೆ. ಹೆಣ್ಣು ಉತ್ತರ ಕೊಡಬೇಕಾದ ಜಾಗದಲ್ಲಿ ಬರೀ ತಬಲಾ. ಮತ್ತೆ ಕೇಳುತ್ತಾನೆ. ಮತ್ತೆ ತಬಲಾ. ಅವನಿಗೂ ಸಾಕಾಗಿದೆ. ಆದರೂ ಹಾಡು ಮುಗಿಯುವವರೆಗೆ ಕೇಳಬೇಕಲ್ಲ, ಕೇಳುತ್ತಾನೆ.

ಎದುರು ಬೆಂಚಿನ ಅಕ್ಕನಿಗೆ ಹೇಳಿದೆ. ಹದಿನೆಂಟು ವರ್ಷದಿಂದ ಅವರೂ ನಾನೂ ಎದುರುಬದುರು ಕೂತು ಕಪ್ಪು ತಟ್ಟುತ್ತಿದ್ದೇವೆ. ಸ್ವಂತ ಅಕ್ಕನಲ್ಲ, ಸ್ವಂತ ಅಕ್ಕನ ಮುಖವನ್ನೂ ಇಷ್ಟು ಹೊತ್ತು ನೋಡಿಲ್ಲ.

"ಮುನಿಸ್ಕೊಂಡಿರ್ಬೇಕು ಕಣೋ ಕವಿ" ಅಂದರು. "ಬೈಸ್ಕೊಳ್ಳೋದಕ್ಕಿಂತ ತಬಲಾ ವಾಸಿ. ಕೇಳ್ಕೊಂಡು ಸುಮ್ನಿರು."

ಫೆಬ್ರುವರಿ 7, ಶುಕ್ರವಾರ

ಇವತ್ತು ಬೆಸ ತಾರೀಖು. ಸಹಿ ನನ್ನದು.

ಸಂಜೆ ಎರಡೂ ಬೆಂಚಿನ ಟ್ರೇಗಳು ಒಂದೇ ಗಾಡಿಗೆ ಏರುತ್ತವೆ. ಗಾಡಿಗೆ ಒಂದೇ ಚೀಟಿ, ಚೀಟಿಗೆ ಒಂದೇ ಸಹಿ. ಸಮ ತಾರೀಖು ಅಕ್ಕನದು, ಬೆಸ ತಾರೀಖು ನನ್ನದು. ಯಾರ ಟ್ರೇ ಯಾವುದು ಎಂದು ಯಾರೂ ಕೇಳುವುದಿಲ್ಲ. ಈ ವ್ಯವಸ್ಥೆ ನಾವೇ ಮಾಡಿಕೊಂಡದ್ದು. ನಾನು ಐದೂವರೆಯ ಬಸ್ಸಿಗೆ ಓಡುತ್ತೇನೆ. ಅಕ್ಕನ ಬಸ್ಸು ಆರೂಕಾಲಿಗೆ. ಅಲ್ಲಿಯವರೆಗೆ ಗಾಡಿಯ ಪಕ್ಕದಲ್ಲೇ ಕೂತಿರುತ್ತಾರೆ.

ಸೂಪರ್‌ವೈಸರ್ ಬಂದ. "ಏನ್ರೀ ಕವಿಗಳೆ, ನಿಮ್ಮ ಟಬ್ಬು ಖಾಲಿ ಖಾಲಿ. ಭಟ್ಟಿಯೋರು ಸುಧಾರಿಸಿದ್ರೋ, ನೀವು ಉದಾರಿ ಆದ್ರೋ?"

ಪ್ರಾಸ ಪರವಾಗಿಲ್ಲ. ನನ್ನ ಸಹವಾಸ.

ಅಕ್ಕನ ಕಡೆ ತಿರುಗಿದ. "ನಿಮ್ದ್ಯಾಕಮ್ಮಾ ಇಷ್ಟು ತುಂಬ್ತಿದೆ? ಒಂದೇ ಭಟ್ಟಿಯ ಮಾಲು ತಾನೆ?"

"ವಯಸ್ಸಾಯ್ತಲ್ಲಪ್ಪ. ಎಲ್ಲಾದ್ರಲ್ಲೂ ಹುಳುಕು ಕಾಣ್ಸುತ್ತೆ" ಅಂದರು ಅಕ್ಕ. ತಲೆ ಎತ್ತಲಿಲ್ಲ.

ಫೆಬ್ರುವರಿ 15, ಶನಿವಾರ

ಮೂರನೆಯ ಇಯರ್‌ಫೋನ್. ಕೊಂಡದ್ದು ಮೂರು, ಕೇಳಿದ್ದು ಚೂರು.

ಇವಳು: "ಆ ಡಬ್ಬಿ ಬಿಸಾಕಿ ರೀ. ಅದನ್ನ ಹಾಕ್ಕೊಂಡೂ ಹಾಕ್ಕೊಂಡೂ ನಾನು ಕರೆದ್ರೆ ಮೂರನೇ ಸಲಕ್ಕೆ ತಿರುಗ್ತೀರ."

ಇಪ್ಪತ್ತೊಂದು ವರ್ಷ ಸಂಸಾರ ಮಾಡಿ ಮೂರನೆಯ ಸಲಕ್ಕಾದರೂ ತಿರುಗುವ ಗಂಡ ಅಪರೂಪ ಅಂದೆ. ಅದಕ್ಕವಳು ಏನೋ ಹೇಳಿದಳು. ಕೇಳಿಸಲಿಲ್ಲ. ಅಡುಗೆಮನೆಯ ನಲ್ಲಿ ಬಿಟ್ಟಿತ್ತು.

ಫೆಬ್ರುವರಿ 26, ಬುಧವಾರ

ಬರೆಯದೆ ಹನ್ನೊಂದು ದಿನ. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಒಂದು ಹೋಟೆಲಿನಲ್ಲಿ ನಮ್ಮ ಕಪ್ಪಿನ ತಳ ಕಳಚಿ ಬಿದ್ದಿದೆ. ಬಿಸಿ ಚಹಾ ವಯಸ್ಸಾದವರೊಬ್ಬರ ತೊಡೆಯ ಮೇಲೆ. ಚರ್ಮ ಸುಲಿದು ಆಸ್ಪತ್ರೆಯಲ್ಲಿದ್ದಾರಂತೆ. ಹೋಟೆಲಿನವರು ಮಿಕ್ಕ ಕಪ್ಪುಗಳನ್ನೆಲ್ಲ ವಾಪಸು ಕಳಿಸಿದ್ದಾರೆ. ಅದರಲ್ಲಿ ಹನ್ನೊಂದಕ್ಕೆ ಬಿರುಕು. ಪೆಟ್ಟಿಗೆಯೊಳಗಿನ ಚೀಟಿ: ಜನವರಿ 28. ಸಮ ತಾರೀಖು.

"ಸಹಿ ನಿಮ್ದೇ ತಾನೇನಮ್ಮಾ?" ಸೂಪರ್‌ವೈಸರ್ ಅಕ್ಕನನ್ನು ಕೇಳಿದ.

"ನಂದೇ."

"ಮತ್ತೆ?"

"ಮತ್ತೇನಿಲ್ಲ."

ನಾನು ಎದುರಿಗೇ ಇದ್ದೆ. ಕೋಲು ಕೈಯಲ್ಲಿತ್ತು. ಮನಸ್ಸಿನಲ್ಲಿ ಅಂದುಕೊಂಡೆ — ಪಾಪ, ವಯಸ್ಸಾಯಿತು. ಹಾಗೆ ಅಂದುಕೊಂಡೆ ಎಂಬುದನ್ನೂ ಬರೆದಿಡುತ್ತೇನೆ.

ಫೆಬ್ರುವರಿ 27, ಗುರುವಾರ

ಅಕ್ಕನನ್ನು ಗ್ಲೇಜ್ ಸೆಕ್ಷನ್ನಿಗೆ ಹಾಕಿದ್ದಾರೆ. ಹಸಿ ಕಪ್ಪನ್ನು ಹೊಳಪಿನ ನೀರಿನಲ್ಲಿ ಅದ್ದಿ ಎತ್ತುವ ಕೆಲಸ. ಇಡೀ ದಿನ ಒದ್ದೆ ನೆಲದ ಮೇಲೆ ನಿಂತಿರಬೇಕು. ಅವರ ಮೊಣಕಾಲು ಮೊದಲೇ ಸರಿಯಿಲ್ಲ. ವಿಚಾರಣೆ ಮಾರ್ಚ್ 17ಕ್ಕೆ. ತಪ್ಪು ಅವರದೇ ಎಂದಾದರೆ ಮನೆಗೆ. ಇನ್ನೆರಡು ವರ್ಷ ಸರ್ವಿಸ್ ಬಾಕಿ ಇತ್ತು.

ಎದುರು ಬೆಂಚು ಖಾಲಿ. ಎರಡು ಬೆಂಚಿನದನ್ನೂ ನಾನೇ ತಟ್ಟಿದೆ. ಸಂಜೆಯ ಹೊತ್ತಿಗೆ ತೋಳು ನನ್ನದೋ ಬೆಂಚಿನದೋ ಗೊತ್ತಾಗಲಿಲ್ಲ.

ಮಾರ್ಚ್ 1, ಶನಿವಾರ. ಮಧ್ಯಾಹ್ನ 4.

ಶನಿವಾರ ಅರ್ಧ ದಿನ. ಪ್ಲೇಯರನ್ನು ರಿಪೇರಿ ಅಂಗಡಿಗೆ ಒಯ್ದೆ. ಮೆಟ್ಟಿಲ ಕೆಳಗಿನ ಅಂಗಡಿ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಅವನು ತನ್ನ ಕಿವಿಗೆ ಹಾಕಿಕೊಂಡ. ಅರ್ಧ ಹಾಡು ಕೇಳಿದ. ತಲೆ ಬೇರೆ ಆಡಿಸಿದ.

"ಎರಡೂ ಕಡೆ ಬರ್ತಿದೆಯಲ್ಲ ಯಜಮಾನ್ರೆ."

"ಎಡಗಡೆ ಬರಲ್ಲ."

"ಒಂದ್ಕೆಲ್ಸ ಮಾಡಿ. ಉಲ್ಟಾ ಹಾಕ್ಕೊಳಿ."

"ಇದರ ಮೇಲೆ ಎಲ್ ಅಂತ ಬರೆದಿದೆಯಲ್ಲ."

"ಬರೀಲಿ ಬಿಡಿ. ಹಾಕ್ಕೊಳಿ."

ಎಲ್ ಅನ್ನು ಬಲಗಿವಿಗೆ ಸಿಕ್ಕಿಸಿಕೊಂಡೆ. ಹೆಣ್ಣಿನ ದನಿ ಬಂತು. ಸ್ಪಷ್ಟವಾಗಿ. ಎಡಗಿವಿಯಲ್ಲಿ ಆರ್ ಇತ್ತು. ಈಗ ಗಂಡು ಇಲ್ಲ.

ಅವನು ನನ್ನ ಮುಖ ನೋಡಿದ. ಆಮೇಲೆ ಟೇಬಲ್ಲಿನ ಮೇಲಿನ ಸ್ಕ್ರೂಗಳನ್ನು ನೋಡತೊಡಗಿದ. "ಮಿಷಿನ್ ಸರಿಯಾಗಿದೆ ಯಜಮಾನ್ರೆ" ಅಂದ, ಮೆಲ್ಲಗೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಅದೇ ದಿನ, ಸಂಜೆ 6

ಕೈಗಡಿಯಾರವನ್ನು ಎಡಗಿವಿಗೆ ಹಿಡಿದೆ. ನಿಂತಿದೆ. ಬಲಗಿವಿಗೆ ಹಿಡಿದೆ. ನಡೆಯುತ್ತಿದೆ.

ಕವಿಗೆ ಪ್ರಾಸ ಕಿವಿ. ಇಷ್ಟು ಹತ್ತಿರದ್ದು ಇಷ್ಟು ವರ್ಷ ಹೊಳೆದಿರಲಿಲ್ಲ.

ಮಾರ್ಚ್ 3, ಸೋಮವಾರ

ಊಟಕ್ಕೆ ಹೋಗಲಿಲ್ಲ. ಅಕ್ಕನ ಕೆಂಪು ಟಬ್ಬಿನಲ್ಲಿ ಉಳಿದಿದ್ದ ಐದು ಬಿರುಕಿನ ಕಪ್ಪು, ಟ್ರೇಯಿಂದ ಐದು ಒಳ್ಳೆಯವು. ಕಲಸಿದೆ. ದಿನಾ ಕೂರುವಂತೆ ಕೂತೆ. ಕಣ್ಣು ಮುಚ್ಚಿ ತಟ್ಟಿದೆ.

ಒಂಬತ್ತು ಟಣ್. ಒಂದು ಟೊಕ್.

ನನ್ನ ಬಲಕ್ಕೆ ಭಟ್ಟಿಯ ಫ್ಯಾನುಗಳ ಗೋಡೆ. ದಿನವಿಡೀ ಗುಂಯ್ ಅನ್ನುತ್ತದೆ. ಕೆಲಸಕ್ಕೆ ಸೇರಿದಾಗಿನಿಂದ ನಾನು ಕೇಳುತ್ತಿದ್ದದ್ದು ಎಡಗಿವಿಯಿಂದಲೇ. ಈಗ ಕೇಳುತ್ತಿರುವುದು ಫ್ಯಾನಿನ ಸಂದಿಯಲ್ಲಿ ಬಲಗಿವಿಗೆ ಬಿದ್ದಷ್ಟು. ಮಿಕ್ಕದ್ದು ಅಭ್ಯಾಸಬಲ. ಟಣ್ ಎಂದಿರಬೇಕು ಎಂದುಕೊಂಡು ಪಾಸು ಮಾಡುತ್ತಿದ್ದೆ.

ಮನೆಗೆ ಬಂದು ಈ ಪುಸ್ತಕವನ್ನೇ ಹಿಂದಕ್ಕೆ ಮಗುಚಿದೆ. ಜನವರಿ 28. ನನ್ನದೇ ಅಕ್ಷರ: "ಅಕ್ಕ ಮೂರು ಗಂಟೆಗೆ ಗೇಟ್‌ಪಾಸ್ ತೆಗೆದುಕೊಂಡು ಮೊಣಕಾಲಿನ ಇಂಜೆಕ್ಷನ್ನಿಗೆ ಹೋದರು. ಅವರ ಟ್ರೇಗಳನ್ನೂ ನಾನೇ ತಟ್ಟಿದೆ. ಬಸ್ಸು ಹತ್ತುವಾಗ ವಾಪಸು ಬರುತ್ತಿದ್ದರು, ಕುಂಟಿಕೊಂಡು. ಸಹಿ ಮಾಡಿ ಹೋಗ್ತೀನಿ ಅಂದರು."

ಆ ಗೇಟ್‌ಪಾಸಿಗೆ ಸಹಿ ಹಾಕಿದವನು ಸೂಪರ್‌ವೈಸರ್. ಅವನಿಗೆ ನೆನಪಿಲ್ಲ. ಬರೆದಿಟ್ಟ ನನಗೇ ನೆನಪಿರಲಿಲ್ಲ.

ಆ ಹನ್ನೊಂದೂ ನನ್ನವು. ಆ ತೊಡೆಯೂ.

ಮಾರ್ಚ್ 5, ಬುಧವಾರ

ಕಿವಿ ಡಾಕ್ಟರು. ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಬಲಗಿವಿಗೆ ಒತ್ತಿದ್ದೇ ಒತ್ತಿದ್ದು. ಎಡಗಿವಿಗೆ ಕಾದೆ. ಹೊರಗೆ ಡಾಕ್ಟರಮ್ಮ ಸನ್ನೆ ಮಾಡಿದರು, ಪರೀಕ್ಷೆ ಮುಗಿಯಿತು ಅಂತ. ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ.

"ನರ ಹೋಗಿದೆ. ಒಂದೇ ದಿನದಲ್ಲಿ ಹೋದದ್ದಲ್ಲ. ನಿಮಗೆ ಗೊತ್ತೇ ಆಗ್ಲಿಲ್ವಾ?"

ಪ್ಲೇಯರ್ ಕೆಟ್ಟಿದೆ ಅಂದುಕೊಂಡೆ ಅಂದೆ. ಅವರು ನಗಲಿಲ್ಲ. ಬರೆದುಕೊಂಡರು.

ಮಾರ್ಚ್ 11, ಮಂಗಳವಾರ

ಐದು ದಿನ ರಜೆ ಹಾಕಿ ಮನೆಯಲ್ಲಿ ಬಿದ್ದಿದ್ದೆ. ಜ್ವರ ಅಂದೆ. ಇನ್ನೊಂದು ಕಪ್ಪನ್ನು ಪಾಸು ಮಾಡುವ ಧೈರ್ಯ ಇರಲಿಲ್ಲ, ಅದನ್ನು ಹೇಳುವ ಧೈರ್ಯವೂ ಇರಲಿಲ್ಲ. ಎರಡರ ನಡುವೆ ಜ್ವರಕ್ಕೆ ಜಾಗವಿತ್ತು.

ಇವತ್ತು ಹೋಗಿ ನೇರ ಗ್ಲೇಜ್ ಸೆಕ್ಷನ್ನಿಗೆ ನಡೆದೆ. ಅಕ್ಕ ಮೊಣಕೈವರೆಗೆ ಬಿಳಿ. ಒಂದು ಕಾಲನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ನಿಂತಿದ್ದರು.

"ಅಕ್ಕ, ನನ್ನ ಎಡಗಿವಿ ಹೋಗಿದೆ. ಇಪ್ಪತ್ತೆಂಟರ ಮಾಲು ನಂದು."

"ಗೊತ್ತು."

"ಏನು ಗೊತ್ತು?"

"ಎರಡೂ." ಕಪ್ಪು ಅದ್ದಿ ಎತ್ತಿದರು. "ನವೆಂಬರಿಂದ ಗೊತ್ತು. ನೀನು ತಟ್ಟಿದ್ದು ನಂಗೆ ಎದುರು ಬೆಂಚಿಗೆ ಟೊಕ್ ಅಂತ ಕೇಳ್ತಿದೆ, ನೀನು ಟ್ರೇಗೆ ಇಡ್ತಿದ್ದೀಯ. ಮೊದ್ಲು ತಮಾಷೆ ಅಂದ್ಕೊಂಡೆ."

ನಾನು ಹೋದ ಮೇಲೆ, ಬಸ್ಸು ಬರುವವರೆಗೆ, ನನ್ನ ಟ್ರೇಗಳನ್ನು ಸಾಲಾಗಿ ಇನ್ನೊಮ್ಮೆ ತಟ್ಟುತ್ತಿದ್ದರಂತೆ. ಬಿರುಕಿನವನ್ನು ತಮ್ಮ ಟಬ್ಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಇಪ್ಪತ್ತೆಂಟರಂದು ಇಂಜೆಕ್ಷನ್ ಆಗಿ ಕಾಲು ಮಡಚಲು ಆಗಲಿಲ್ಲ. ಕೂರಲಿಲ್ಲ. ಸಹಿ ಹಾಕಿ ಹೋದರು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಗಪ್ಪಾ ಹೇಳೋದು? ನೀನು ಆ ಡಬ್ಬೀನ ಬೈಕೊಂಡು ಖುಷಿಯಾಗಿದ್ದೆ."

ಇನ್ನೊಂದು ಕಪ್ಪು ಅದ್ದಿದರು. ಅವರೇ ಅಂದರು: "ನೋಡು, ಬಾಯಿ ಬಿಡ್ಬೇಡ. ನಂದು ಇನ್ನೆರಡು ವರ್ಷ, ಹೋದ್ರೆ ಹೋಗ್ಲಿ. ನಿಂದು ಹದಿನಾಲ್ಕಿದೆ. ಮಗಳ ಓದು ಮುಗಿದಿಲ್ಲ. ಕಿವಿಗೇನೋ ಮಿಷಿನ್ ಬರುತ್ತಂತಲ್ಲ, ಹಾಕ್ಸ್ಕೋ."

"ನೀವು ಮೂವತ್ತು ವರ್ಷ ಮಾಡಿದ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತೆ."

ಅದಕ್ಕೆ ಅವರ ಕೈ ಒಂದು ಗಳಿಗೆ ನಿಂತಿತು. "ಹೂಂ" ಅಂದರು. ಅಷ್ಟೇ.

ನನಗಿನ್ನೂ ಜ್ವರ ಬಿಟ್ಟಿಲ್ಲ ಎಂದು ಸೂಪರ್‌ವೈಸರನಿಗೆ ಹೇಳಿ ವಾಪಸು ಬಂದೆ.

ಮಾರ್ಚ್ 13, ಗುರುವಾರ

ಇವಳಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು.

"ಹೇಳಿದ್ರೆ ಕೆಲ್ಸ ಹೋಗುತ್ತಾ?"

"ಕಿವಿಯಿಲ್ಲದ ಚೆಕ್ಕರನ್ನ ಇಟ್ಕೊಂಡು ಏನು ಮಾಡ್ತಾರೆ?"

"ಹೇಳ್ದಿದ್ರೆ?"

"ಅಕ್ಕನ್ದು ಹೋಗುತ್ತೆ."

ಏನೋ ಅಂದಳು. ಕೇಳಿಸಲಿಲ್ಲ ಅಂದೆ. ಸೊಪ್ಪು ಬಿಟ್ಟು ಎದ್ದಳು, ಸುತ್ತಿಕೊಂಡು ಬಂದು ನನ್ನ ಬಲಗಡೆ ಕೂತಳು. "ಇಷ್ಟು ದಿನ ನಾನು ಗೋಡೆಗೆ ಮಾತಾಡ್ತಿದ್ನಾ ಹಾಗಾದ್ರೆ" ಅಂದಳು. ಕಣ್ಣಲ್ಲಿ ನೀರಿತ್ತು. ಬೈಗುಳವೋ ದುಃಖವೋ ತಿಳಿಯಲಿಲ್ಲ. ಸೊಪ್ಪಿನ ತಟ್ಟೆ ಎಳೆದುಕೊಂಡು: "ಹೊಲಿಗೆ ಮಿಷಿನ್ ಇದೆ. ನೋಡೋಣ. ಆದ್ರೆ ನಾನೇ ಹೇಳಿ ಅಂದೆ ಅಂತ ಆಮೇಲೆ ಅನ್ಬೇಡಿ."

ಮಾರ್ಚ್ 15, ಶನಿವಾರ

ಮಗಳು ಪ್ಲೇಯರಿನ ಹೊಟ್ಟೆಯೊಳಗೆಲ್ಲ ಹುಡುಕಿ ಮೊನೊ ಎಂಬ ಸೆಟ್ಟಿಂಗ್ ಒತ್ತಿದಳು. ಈಗ ಎರಡು ಕಡೆಯದೂ ಒಂದೇ ಕಿವಿಗೆ. ಹೆಣ್ಣು ಉತ್ತರ ಕೊಟ್ಟಳು. ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ, ಎರಡನೆಯ ಸಾಲಿನಲ್ಲಿ ಪ್ರಾಸವೂ ಕೆಟ್ಟಿತ್ತು. ಮೂರು ಸಲ ಕೇಳಿದೆ.

ಮ್ಯಾನೇಜರಿಗೆ ಪತ್ರ ಬರೆಯಲು ಕೂತೆ. "ತಟ್ಟಿದವನು ನಾನು, ತಪ್ಪಿದವನೂ ನಾನು" ಎಂದು ಶುರುವಾಯಿತು. ಹೊಡೆದುಹಾಕಿದೆ. ತಪ್ಪೊಪ್ಪಿಗೆಯಲ್ಲಿ ಪ್ರಾಸ ಕಂಡರೆ ಯಾವ ಮ್ಯಾನೇಜರೂ ನಂಬುವುದಿಲ್ಲ. ಮತ್ತೆ ಬರೆದೆ. ಮತ್ತೆ ಬಂತು. ಕೊನೆಗೆ ಪತ್ರವೇ ಬೇಡ ಅನ್ನಿಸಿತು. ಈ ಪುಸ್ತಕವನ್ನೇ ಒಯ್ಯುತ್ತೇನೆ. ಜನವರಿ 28ರ ಪುಟ ತೋರಿಸುತ್ತೇನೆ.

ಅದರ ಎದುರು ಪುಟದಲ್ಲೇ ಸೂಪರ್‌ವೈಸರನ ಮೀಸೆಯ ಮೇಲೆ ನಾಲ್ಕು ಸಾಲು ಇದೆ. ಪಿನ್ನು ಹಾಕಿ ಮುಚ್ಚಿದೆ.

ಮಾರ್ಚ್ 17, ಸೋಮವಾರ. ಬೆಳಗ್ಗೆ 10.20.

ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚು. ವಿಚಾರಣೆಗೆ ಕರೆದದ್ದು ಅಕ್ಕನನ್ನು ಮಾತ್ರ. ನಾನಾಗಿಯೇ ಬಂದಿದ್ದೇನೆ. ಕೂತರೆ ಕಾಲು ನೋಯುತ್ತದೆ, ನಿಂತರೂ ನೋಯುತ್ತದೆ ಅಂತ ಅಕ್ಕ ಗೊಣಗುತ್ತಿದ್ದರು. ಕೈ ಹಿಡಿದು ನನ್ನ ಎಡಗಡೆಗೇ ಕೂರಿಸಿಕೊಂಡೆ.

ಮಾತಾಡುತ್ತಿದ್ದಾರೆ. ಆಗಿನಿಂದಲೂ ಮಾತಾಡುತ್ತಿದ್ದಾರೆ, ತುಟಿ ಕಾಣುತ್ತದೆ. ಹೇಳಬೇಡ ಅಂತಲೇ ಇರಬೇಕು. ಮಗಳ ಓದು ಅನ್ನುತ್ತಿರಬೇಕು. ಅಂಗಿಯ ತೋಳು ಎಳೆದರು. "ಕೇಳಿಸ್ತಿಲ್ಲ ಅಕ್ಕ" ಅಂದೆ. ಬಲಗಡೆ ಬರಲು ಎದ್ದರು... ಬೆಂಚಿನ ತುದಿಗೆ ಸರಿದುಬಿಟ್ಟೆ, ಬಲಕ್ಕೆ ಗೋಡೆ.

ಬಾಗಿಲು ತೆರೆಯಿತು. ಕರೆದದ್ದು ಅವರನ್ನು. ಎದ್ದದ್ದು ನಾನು. ಹೇಳಬೇಕಾದ್ದನ್ನು ಮೊದಲ ಮಾತಿಗೇ ಹೇಳಬೇಕು: ತಟ್ಟಿದವನು ನಾನು —